ತಾಯಲೂರು ಫೋಲ್ಡರಿನಲ್ಲಿದ್ದ ಹಾಡು

ಮುಳಬಾಗಿಲಿನ ಗಂಗಾಲಕ್ಷ್ಮಿ ಮದುವೆ ವಿಡಿಯೋಗಳ ಎಡಿಟಿಂಗನ್ನು ಗಂಡ ಕದಿರೇಶರಿಂದ ಕಲಿತವರು. ಗಂಡ ಕ್ಯಾಮೆರಾ ಹಿಡಿದು ಊರೂರು ತಿರುಗಿದರೆ, ಇವರು ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು, ಬೀಗರು ಮುಖ ಊದಿಸಿಕೊಂಡ ಗಳಿಗೆಯನ್ನು ತೆಗೆದು, ನಕ್ಕ ಗಳಿಗೆಯನ್ನು ಉಳಿಸುತ್ತಿದ್ದರು. ತೆಗೆದದ್ದನ್ನೂ ಎಸೆದವರಲ್ಲ. ತಮ್ಮ ಕೈಗೆ ಬಂದದ್ದು ಕಳೆಯುವುದಿಲ್ಲವೆಂಬ ಹೆಮ್ಮೆ ಅವರಿಗಿತ್ತು; ಅದು ಸಲ್ಲುವ ಹೆಮ್ಮೆಯೇ.

ಕಳೆದ ಮಾಘದಲ್ಲಿ ವಕ್ಕಲೇರಿಯ ರಾಮಲಕ್ಷ್ಮಮ್ಮನವರನ್ನು ಅವರ ಹಿರಿಯ ಮಗಳು ಶೋಭಾರಾಣಿ ಅಂಗಡಿಗೆ ಕರೆತಂದಳು. ಗಂಟಲಿನ ಆಪರೇಷನ್ ಆದ ಮೇಲೆ ತಾಯಿಗೆ ದನಿ ಹೊರಡುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಕಿರಿಯ ಮಗಳು ಪದ್ಮಶ್ರೀಗೆ ಅರಿಶಿನ ಹಚ್ಚುವ ಶಾಸ್ತ್ರ. ಹಿರಿಯವಳಿಗೆ ಹಚ್ಚಿದಾಗ ತಾಯಿ ತೆಲುಗಿನಲ್ಲಿ ಹಾಡಿದ್ದ ಹಾಡು ಕಿರಿಯವಳಿಗೂ ಬೇಕಿತ್ತು, ಅದೇ ದನಿಯಲ್ಲಿ. ಆ ಮದುವೆಯ ವಿಡಿಯೋ ಮಾಡಿದ್ದು ಇದೇ ಅಂಗಡಿ; ಮನೆಯಲ್ಲಿದ್ದ ಡಿವಿಡಿ ಗೀರು ಬಿದ್ದು ಕೆಟ್ಟಿತ್ತು.

ಗಂಗಾಲಕ್ಷ್ಮಿ ‘ಅರಿಶಿನ’ ಎಂದು ಬರೆದು ಇಡೀ ಕಂಪ್ಯೂಟರನ್ನು ಹುಡುಕಿಸಿದರು. ಜಿಲ್ಲೆಯ ಮದುವಣಗಿತ್ತಿಯರೆಲ್ಲ ಹಳದಿ ಕೆನ್ನೆ ಹೊತ್ತು ಪರದೆಯ ಮೇಲೆ ಬರತೊಡಗಿದರು; ಸಾಲು ಮುಗಿಯಲೇ ಇಲ್ಲ. ಹುಡುಕಾಟವನ್ನು ನಿಲ್ಲಿಸಿ, ಮದುವೆಗಳನ್ನೆಲ್ಲ ಊರಿನ ಹೆಸರಿನಲ್ಲಿ ಇಟ್ಟಿದ್ದ ಡಿ ಡ್ರೈವನ್ನು ತೆರೆದರು. ವಕ್ಕಲೇರಿ ಫೋಲ್ಡರಿನೊಳಗೆ ಮಾತ್ರ ಅದೇ ಪದವನ್ನು ಹುಡುಕಿಸಿದರು. ಸಿಕ್ಕವು ಕೆಲವೇ, ಎಲ್ಲವೂ ಬೇರೆ ಮನೆಯವು.

“ಏನಕ್ಕಾ, ಊರೋರ ಅರಿಶಿನ ಎಲ್ಲಾ ಜೋಪಾನ ಮಾಡಿ ನಮ್ದನ್ನೇ ತೊಳ್ದುಬಿಟ್ರಾ?” ಎಂದಳು ಶೋಭಾರಾಣಿ.

ಆ ಮದುವೆಗೆ ತಮ್ಮ ಗಂಡನನ್ನು ಕರೆಸಿದ್ದು ಯಾರೆಂದು ಗಂಗಾಲಕ್ಷ್ಮಿ ಕೇಳಿದರು. ಗಂಡಿನ ಕಡೆಯವರು, ಹೆಣ್ಣಿನ ಮನೆಯ ಶಾಸ್ತ್ರಕ್ಕೂ ಕ್ಯಾಮೆರಾ ಕಳಿಸಿದ್ದು ಅವರೇ, ಎಂದಳು ಶೋಭಾರಾಣಿ.

“ನಿನ್ನ ಕೊಟ್ಟಿದ್ದು ಯಾವೂರಿಗೆ?”

“ತಾಯಲೂರಿಗೆ.”

“ಹಂಗಾದ್ರೆ ನೀನು ತಾಯಲೂರಲ್ಲೇ ಇದ್ದೀಯ ಕಣೇ. ಕರೆಸಿದೋರ ಊರಿನ ಹೆಸರೇ ನಾವು ಇಡೋದು.”

ತಾಯಲೂರು ಫೋಲ್ಡರಿನೊಳಗಷ್ಟೇ ಹುಡುಕಿಸಿದಾಗ ಶೋಭಾರಾಣಿಯ ಅರಿಶಿನದ ಶಾಸ್ತ್ರ ಪರದೆಗೆ ಬಂತು; ಅದರ ಹಿಂದೆಯೇ ಹಾಡೂ ಬಂತು. ರಾಮಲಕ್ಷ್ಮಮ್ಮ ಕಣ್ಣು ಮುಚ್ಚಿ, ತಮ್ಮ ಹಳೆಯ ದನಿಗೆ ಸರಿಯಾಗಿ ತುಟಿ ಆಡಿಸಿದರು. ಸೊಲ್ಲೊಂದು ತಪ್ಪಿದ ಕಡೆ ತಾವೇ ನಕ್ಕರು.

ಹಾಡನ್ನು ಪೆನ್ ಡ್ರೈವಿಗೆ ಹಾಕಿ ಕೊಟ್ಟ ಮೇಲೂ ರಾಮಲಕ್ಷ್ಮಮ್ಮ ಹೊರಡಲಿಲ್ಲ. ಪರದೆಯಲ್ಲಿದ್ದ ‘ತಾಯಲೂರು’ ಎಂಬ ಹೆಸರನ್ನು ಬೆರಳಿನಿಂದ ಮುಟ್ಟಿ, ಅದೇ ಬೆರಳನ್ನು ತಮ್ಮ ಎದೆಗೆ ತಂದು ನಿಲ್ಲಿಸಿದರು. ಗಂಗಾಲಕ್ಷ್ಮಿಯೂ ತವರು ಬಿಟ್ಟು ಬಂದವರು, ಹೆಣ್ಣಿನ ಊರೂ ಅಲ್ಲಿರಲಿ ಎಂಬುದನ್ನು ಬಿಡಿಸಿ ಹೇಳಿಸಿಕೊಳ್ಳಬೇಕಾಗಲಿಲ್ಲ. ಆ ಮದುವೆಯ ಹೆಸರಿನ ಮುಂದೆ ‘ವಕ್ಕಲೇರಿ’ ಎಂದೂ ಸೇರಿಸಿದರು.

ಅಂದಿನಿಂದ ಅವರ ಅಂಗಡಿಯಲ್ಲಿ ಪ್ರತಿ ಮದುವೆಗೂ ಎರಡು ಊರು.