ವಾಲಿದ ಮರದ ಕಾಯಿ

ತಿಪಟೂರಿನ ಹೊರಗೆ ನಮ್ಮ ನೆರೆಯಲ್ಲಿ ಚರ್ಚಿನ ಉಪದೇಶಿಯೊಬ್ಬರಿದ್ದರು. ಯಾರಾದರೂ ಇನ್ನೊಬ್ಬರ ಮೇಲೆ ದೂರು ತಂದರೆ ಕನ್ನಡಕ ತೆಗೆದು, "ಇದನ್ನ ಅವರಿಗೇ ಹೇಳಿದ್ರಾ?" ಎನ್ನುತ್ತಿದ್ದರು.

ಬೇಲಿಯಾಚೆಯ ತೋಟದವನ ತೆಂಗಿನ ಮರವೊಂದು ಉಪದೇಶಿಯವರ ಹಿತ್ತಲ ಕಡೆ ವಾಲಿತ್ತು. ಉದುರಿದ ಕಾಯಿಗಳನ್ನು ಇವರು ತಮ್ಮವೆಂದೇ ಆಯ್ದುಕೊಂಡಿದ್ದರು. ಅವನು ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ, ಇವರೊಡನೆ ಮಾತು ಬಿಟ್ಟ. ವಿಷಯ ಕಿವಿಗೆ ಬಿದ್ದ ಭಾನುವಾರ, ಪ್ರಾರ್ಥನೆಗೆ ಹೊರಟಿದ್ದ ಉಪದೇಶಿ ಮೊದಲು ಅವನ ಬಾಗಿಲಿಗೆ ಹೋದರು. ನಾನೂ ಜೊತೆಗಿದ್ದೆ.

"ಕಾಯಿ ಆಯ್ಕೊಂಡಿದ್ದು ತಪ್ಪಾಯ್ತು ಕಣಪ್ಪ. ಈ ಮನಸ್ತಾಪ ಇಟ್ಕಂಡು ದೇವ್ರ ಮುಂದೆ ಹೆಂಗೆ ನಿಲ್ಲಲಿ?"

ಅವನು ತಡಬಡಾಯಿಸಿದ. "ಅಯ್ಯೋ, ನಾನು ನಿಮಗೇನಾದ್ರೂ ಅಂದ್ನಾ ಸ್ವಾಮಿ?"

"ನನಗೆ ಅನ್ನಲಿಲ್ಲ. ಅದಕ್ಕೇ ಬಂದೆ."

ಅವನು ನಕ್ಕುಬಿಟ್ಟ. ಎಳನೀರು ಕೆತ್ತಲು ಮಚ್ಚು ತರುವಂತೆ ಒಳಗೆ ಕೂಗಿ ಹೇಳಿದ.