ನೀವು ಆಡದ ಮಾತು

ಶರಣಮ್ಮ, ಪತ್ರಿಕೆಯಲ್ಲಿ ನಿಮ್ಮ ಹೆಸರಿನಲ್ಲಿ ಬಂದ ಆ ಮಾತನ್ನು ಬರೆದವನು ನಾನು. ಕಚೇರಿಯಲ್ಲಿ ಸುದ್ದಿ ತಿದ್ದಿ ಪುಟ ಕಟ್ಟುವ ಡೆಸ್ಕಿನವರಲ್ಲ. ನೀವು ವೇದಿಕೆ ಹತ್ತುವ ಮೊದಲೇ — ನೀವಿನ್ನೂ ಸುರಪುರದ ಬಸ್ಸಿನಲ್ಲಿ ಇದ್ದಾಗಲೇ — ಬರೆದು ಕಳಿಸಿದ್ದೆ.

ನಮ್ಮ ಪತ್ರಕರ್ತರ ಕಾರ್ಯಾಗಾರಗಳ ಪದ್ಧತಿ ನಿಮಗೂ ಗೊತ್ತು; ನೆನೆದರೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ. ಬೆಳಿಗ್ಗೆ ಎಂದು ಹಾಕಿದ ಕಾರ್ಯಕ್ರಮ ಮುಖ್ಯ ಅತಿಥಿ ಬಂದಾಗ ಶುರು. ಆಮೇಲೆ ಸಸಿಗೆ ನೀರು, ಸ್ವಾಗತ, ಶಾಲು, ಹಾರ. ವೇದಿಕೆಯ ಮೇಲೆ ಕೂತವರೇ ಕೆಳಗೆ ಕೂತವರಿಗಿಂತ ಹೆಚ್ಚೇನೋ ಅನ್ನಿಸುವಷ್ಟು ಜನ. ವಿಷಯಕ್ಕೆ ಬರುವಷ್ಟರಲ್ಲಿ ಹಿಂದಿನಿಂದ ಒಗ್ಗರಣೆ ವಾಸನೆ. ಜಿಲ್ಲಾ ಪುಟ ಮಾತ್ರ ಯಾರಿಗೂ ಕಾಯುವುದಿಲ್ಲ. ಹಾಗಾಗಿ ಯಾರು ಏನು ಮಾತಾಡಬಹುದೆಂದು ಸಂಘಟಕನೇ ಊಹಿಸಿ, ‘ಹೇಳಿದರು’, ‘ಅಭಿಪ್ರಾಯಪಟ್ಟರು’ ಎಂದು ಬರೆದು ವರದಿಗಾರರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿಬಿಡುತ್ತಾನೆ. ಉಳಿದವರು ಅದನ್ನೇ ತಮ್ಮ ತಮ್ಮ ಪತ್ರಿಕೆಗೆ ಕಳಿಸುತ್ತಾರೆ. ವರದಿಗಾರರ ಸಭೆಯನ್ನು ಕೇಳಿ ವರದಿ ಮಾಡುವವರು ಒಬ್ಬರೂ ಇಲ್ಲ. ಆ ಸಲ ಭೀಮರಾಯನಗುಡಿಯಲ್ಲಿ ಸಂಘಟಕ ನಾನಾಗಿದ್ದೆ.

ಹಳ್ಳಿ ವರದಿಗಾರರ ಕಷ್ಟಗಳ ಕುರಿತ ಸಂವಾದಕ್ಕೆ ನಿಮ್ಮನ್ನು ಕರೆದಿದ್ದೆ. ನಿಮ್ಮ ಪಾಲಿಗೆ ಏನು ಬರೆಯಲಿ? ಮುಖ್ಯ ಅತಿಥಿ ಪಂಚಾಯಿತಿಗಳ ಮೇಲಿನ ಅಧಿಕಾರಿ. ಅವರಿಗೆ ಹಿತವಾಗಲಿ ಎಂದು — ಹೌದು, ಅದಕ್ಕೇ — ‘ಪಂಚಾಯಿತಿಗಳಿಂದ ವರದಿಗಾರರಿಗೆ ಉತ್ತಮ ಸಹಕಾರ ಸಿಗುತ್ತಿದೆ ಎಂದು ಶರಣಮ್ಮ ಸಂತಸ ವ್ಯಕ್ತಪಡಿಸಿದರು’ ಎಂದು ಗೀಚಿದೆ.

ಆಮೇಲೆ ನೀವು ಮೈಕ್ ಹಿಡಿದಿರಿ. ದೇವಾಪುರದ ಆಚೆಯ ನಿಮ್ಮ ಊರಿನಲ್ಲಿ ನಲ್ಲಿ ನೀರಿಲ್ಲದೆ ಕಾಲುವೆಯಿಂದ ಕೊಡ ಹೊರುತ್ತಿದ್ದ ಹೆಂಗಸರ ಬಗ್ಗೆ ಬರೆದಿದ್ದವರು ನೀವು.

“ಹೆಸರ ಹೇಳಿ ಮಾತಾಡಿದ ಹೆಣ್ಮಕ್ಕಳಿಗೆ ಈಗ ಪಂಚಾಯ್ತಿಯವರು ಉದ್ಯೋಗ ಖಾತ್ರಿ ಕೆಲಸ ಬಂದ್ ಮಾಡ್ಯಾರ್ರಿ,” ಅಂದಿರಿ. “ನನ್ನ ನಂಬಿ ಮಾತಾಡ್ಯಾರ. ಇಲ್ಲಿ ಇಷ್ಟು ಮಂದಿ ಕುಂತೀರಿ, ಇದನ್ನ ಬರೀರಿ. ನಾ ಸಭಾದಾಗ ಹೇಳ್ತೀನಂತ ಅವರಿಗೆ ಮಾತು ಕೊಟ್ಟು ಬಂದೀನ್ರಿ.”

ಫೋನ್ ನನ್ನ ಕೈಯಲ್ಲೇ ಇತ್ತು. ಪುಟ ಇನ್ನೂ ಮುಗಿದಿರಲಿಲ್ಲ. ಡೆಸ್ಕಿಗೆ ಒಂದು ಕರೆ, ಗ್ರೂಪಿಗೆ ಒಂದು ಸಂದೇಶ ಮಾಡಿದ್ದರೆ ನನ್ನ ಸಾಲು ತೆಗೆದು ನಿಮ್ಮ ಮಾತು ಹಾಕುತ್ತಿದ್ದರು. ಮಾಡಲಿಲ್ಲ. ಪಕ್ಕದಲ್ಲಿ ಅತಿಥಿ ಗಡಿಯಾರ ನೋಡುತ್ತಿದ್ದರು, ಊಟಕ್ಕೆ ತಡವಾಗುತ್ತಿತ್ತು, ನನಗೆ — ಏನೆನ್ನಲಿ — ನಿಮ್ಮ ಮೇಲೆಯೇ ಸಿಟ್ಟು ಬಂದಿತ್ತು. ನಾಲ್ಕು ಒಳ್ಳೆಯ ಮಾತಾಡಿ ಕೂರಬಾರದಿತ್ತೇ ಈಕೆ, ಎಂದು. ಎಂಥ ನಾಚಿಕೆಗೇಡಿ ಸಿಟ್ಟು.

ಮರುದಿನ ಎಲ್ಲ ಪತ್ರಿಕೆಗಳಲ್ಲೂ ಅದೇ ಸಾಲು. ನೀವು ಫೋನ್ ಮಾಡಿದಿರಿ.

“ಸರ್, ನಾ ಹಂಗ ಅಂದಿದ್ದಿಲ್ಲಲ್ರಿ. ಓಣ್ಯಾಗ ಪೇಪರ್ ಓದಿಸಿ ಕೇಳ್ಯಾರ. ಯಾರು ಬರದ್ರು ಇದನ್ನ?”

“ಡೆಸ್ಕಿನವರು ಏನೋ ಮಾಡ್ಯಾರ, ತಂಗಿ. ಬಿಡವ್ವ, ನಾಳಿಗಿ ಎಲ್ಲಾರೂ ಮರೀತಾರ,” ಅಂದೆ.

ಯಾರೂ ಮರೆಯಲಿಲ್ಲ. ಸಾಹೇಬರ ಮುಂದೆ ಮಾತು ತಿರುಗಿಸಿದಳು ಎಂದು ಆ ಹೆಂಗಸರು ನಿಮ್ಮೊಂದಿಗೆ ಮಾತು ಬಿಟ್ಟರಂತೆ. ಊರಿನವರೇ ನಂಬದ ಮೇಲೆ ಬರೆಯುವುದೇನು ಎಂದು ನೀವೂ ಬರೆಯುವುದನ್ನು ಬಿಟ್ಟಿರಿ. ಇದೆಲ್ಲ ನನ್ನ ಕಿವಿಗೆ ಬಿದ್ದಿತ್ತು. ಬಿದ್ದೂ ಮುಂದಿನ ವರ್ಷ ಮತ್ತೆ ಕಾರ್ಯಾಗಾರ ಮಾಡಿದೆ, ಶಾಲು ಹೊದಿಸಿಕೊಂಡೆ.

ಈಗ ಯಾದಗಿರಿಯಲ್ಲಿ ಒಂದು ಉಪನ್ಯಾಸಕ್ಕೆ ನನ್ನನ್ನು ಕರೆದಿದ್ದಾರೆ. ನಿನ್ನೆ ಅದರ ಸಂಘಟಕರ ಫೋನ್. “ಸರ್, ನಿಮ್ಮ ಭಾಷಣ ಬರದು ಇಟ್ಟೀನ್ರಿ, ಗ್ರೂಪಿಗೂ ಹಾಕೀನಿ. ನೀವು ಬಂದು ಕುಂತ್ರ ಸಾಕು.” ಗ್ರೂಪ್ ತೆಗೆದು ಓದಿದೆ. ಸತ್ಯವೇ ಪತ್ರಕರ್ತನ ಉಸಿರು ಎಂದು ನಾನು ಆಗಲೇ ಹೇಳಿಬಿಟ್ಟಿದ್ದೇನೆ. ಮೈಯೆಲ್ಲ ಉರಿಯಿತು. ಅವರನ್ನು ಬೈಯಲೆಂದು ಮತ್ತೆ ಫೋನ್ ಎತ್ತಿಕೊಂಡೆ — ಯಾವ ಮುಖ ಇಟ್ಟುಕೊಂಡು ಬೈಯಲಿ?

ಆ ಸಭೆಗೆ ನಾನು ಹೋಗುವುದಿಲ್ಲ, ಶರಣಮ್ಮ. ಅಂದು ನಿಮ್ಮ ಊರಿಗೆ ಬರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ; ಆ ಹೆಂಗಸರ ಮನೆಗಳನ್ನು ತೋರಿಸಿ, ಸಾಕು. ಒಂದೊಂದು ಬಾಗಿಲಲ್ಲೂ ನಿಂತು, ನೀವು ಆವತ್ತು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳುತ್ತೇನೆ. ನಿಮ್ಮ ಬಾಯಿಗೆ ಸುಳ್ಳು ತುರುಕಿದವನು ನಾನೇ ಎಂದೂ ಹೇಳುತ್ತೇನೆ.

ಮರುದಿನದ ಪತ್ರಿಕೆಯಲ್ಲಿ, ನಾನು ಯಾದಗಿರಿಯಲ್ಲಿ ಸತ್ಯದ ಬಗ್ಗೆ ಮಾತಾಡಿದೆ ಎಂದೇ ಬರುತ್ತದೆ. ಬರಲಿ.