ಹೂಂಗುಟ್ಟುವ ಡಿಸ್ಕು

ನಮ್ಮ ಕಿವಿ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಅವರನ್ನು ಎಲ್ಲರೂ ಆದ್ರಕ್ಕ ಎಂದೇ ಕರೆಯುತ್ತಿದ್ದರು. ಯಾರು ಏನು ಒಳ್ಳೆಯ ಸುದ್ದಿ ಹೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಆದ್ರೆ..." ಎಂದು ಶುರುಮಾಡುವುದು ಅವರ ಅಭ್ಯಾಸ. ಈ ಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಸರಪಟ್ಟುಕೊಂಡವರಲ್ಲ. "ಆಯ್ತಕ್ಕ ಅಂತ ಕರೆಸಿಕೊಳ್ಳೋದಕ್ಕಿಂತ ವಾಸಿ. ಆಯ್ತು ಆಯ್ತು ಅಂದವರಿಂದಲೇ ಮನೆ ಹಾಳಾಗಿರೋದು" ಎನ್ನುತ್ತಿದ್ದರು.

ಅವರ ಕೆಲಸ ಮುರಿಯುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಿವಿ ಕೇಳದವರಿಗೆ ನಮ್ಮ ಆಸ್ಪತ್ರೆ ಕಿವಿಯ ಯಂತ್ರ ಕೊಡುತ್ತದೆ. ಯಂತ್ರ ಕೊಡುವುದು ಒಂದು ದಿನದ ಮಾತು. ಅದನ್ನು ಆ ಕಿವಿಗೆ ಹೊಂದಿಸುವುದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಯಾವ ದನಿಯನ್ನು ಏರಿಸಬೇಕು, ಯಾವುದನ್ನು ಇಳಿಸಬೇಕು ಎಂದು ಹೊಂದಿಸುವವರು ರೋಗಿಯನ್ನು ಮತ್ತೆ ಮತ್ತೆ ಕೂರಿಸಿಕೊಂಡು, ಕೇಳಿ, ತಿದ್ದಿ, ಕೊನೆಗೆ ಒಂದು ಹದಕ್ಕೆ ತರುತ್ತಾರೆ. ಆ ಹದ ಅಂಕಿಗಳ ರೂಪದಲ್ಲಿ ನಮ್ಮ ಡೇಟಾಬೇಸಿನಲ್ಲಿ ಕೂರುತ್ತದೆ. ಯಂತ್ರ ಬಿದ್ದು ಒಡೆದರೆ, ನೀರಿಗೆ ಬಿದ್ದರೆ, ಹೊಸದಕ್ಕೆ ಅದೇ ಅಂಕಿಗಳನ್ನು ತುಂಬಿದರಾಯಿತು. ಹಳೆಯ ಕಿವಿ ವಾಪಸು ಬರುತ್ತದೆ. ಅಂಕಿಗಳೇ ಕಳೆದುಹೋದರೆ ಮತ್ತೆ ಮೊದಲಿನಿಂದ.

ಹಾಗಾಗಿ ಡೇಟಾಬೇಸಿಗೆ ಇನ್ನೊಂದು ಪ್ರತಿ ಬೇಕು, ಅದೇ ಬ್ಯಾಕಪ್ಪು. ಪ್ರತಿ ತೆಗೆಯುವ ಪ್ರೋಗ್ರಾಂ ಬರೆಯುವವರು ಬೇರೆ. ಆದ್ರಕ್ಕನ ಪಾಲಿಗೆ ಬಂದದ್ದು, ಡಿಸ್ಕು ಕೈಕೊಟ್ಟಾಗ ಆ ಪ್ರೋಗ್ರಾಂ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುವುದು. ಡಿಸ್ಕು ತಾನಾಗಿ ಕೈಕೊಡುವವರೆಗೆ ಕಾಯಲಾಗುತ್ತದೆಯೇ? ಇವರೇ ಕೆಡಿಸುತ್ತಿದ್ದರು. ಪ್ರತಿ ಅರ್ಧ ಆಗಿರುವಾಗ ಕೇಬಲ್ ಕೀಳುವರು. ಡಿಸ್ಕಿನ ತುಂಬ ಕಸ ತುಂಬಿ, ಜಾಗವೇ ಇಲ್ಲದಂತೆ ಮಾಡುವರು. ಅವರ ಮೇಜಿನ ಡ್ರಾಯರಿನಲ್ಲಿ ಸತ್ತ ಡಿಸ್ಕುಗಳು, ಹಲ್ಲು ಮುರಿದ ಕೇಬಲ್ಲುಗಳು. ಎಲ್ಲಕ್ಕಿಂತ ಅವರಿಗೆ ಪ್ರೀತಿಯದ್ದು ತಾವೇ ಬರೆದ ಒಂದು ಚಿಕ್ಕ ಪ್ರೋಗ್ರಾಂ. ಅದನ್ನು ಕಳ್ಳಡಿಸ್ಕು ಎನ್ನುತ್ತಿದ್ದರು. ಅದು ನಿಜವಾದ ಡಿಸ್ಕಿನ ಮುಂದೆ ಬಾಗಿಲು ಕಾಯುವವನ ಹಾಗೆ ನಿಂತು, ಇವರು ಹೇಳಿದ ಜಾಗದಲ್ಲಿ "ಇಲ್ಲಿ ಓದಲಾಗದು", "ಇಲ್ಲಿ ಬರೆಯಲಾಗದು" ಎಂದು ಸುಳ್ಳುಸುಳ್ಳೇ ತಕರಾರು ತೆಗೆಯುತ್ತಿತ್ತು.

"ಡಿಸ್ಕು ಕೆಡೋದು ತಪ್ಪಲ್ಲ ಕಣಮ್ಮ, ಅದು ಅದರ ಹಣೆಬರಹ" ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಹೇಳಿದ್ದರು. "ಕೆಟ್ಟಾಗ ಕೆಟ್ಟಿದೆ ಅಂತ ಬಾಯಿ ಬಿಡಬೇಕು. ಬಾಯಿ ಮುಚ್ಚಿಕೊಂಡು ಎಲ್ಲಾ ಸರಿ ಇದೆ ಅಂತ ನಗ್ತಾ ನಿಂತ್ರೆ, ಅದು ತಪ್ಪು."

ಮನೆಯಲ್ಲಿ ಅವರ ಜೊತೆಗಿದ್ದವರು ಅತ್ತೆ. ಗಂಡ ಲಾರಿ ಓಡಿಸುವವರು. ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಅತ್ತೆಗೆ ಸೊಸೆಯ ಕೆಲಸ ಕೊನೆಗೂ ಅರ್ಥವಾಗಲಿಲ್ಲ, ಅಥವಾ ಅರ್ಥವಾಗದವರ ಹಾಗೆ ನಟಿಸುತ್ತಿದ್ದರು. "ಬೇರೆಯವರ ಸೊಸೆಯಂದಿರು ಏನಾದ್ರೂ ಮಾಡೋ ಕೆಲಸಕ್ಕೆ ಹೋಗ್ತಾರೆ. ನಮ್ಮವಳು ಕೆಡಿಸೋ ಕೆಲಸಕ್ಕೆ ಹೋಗ್ತಾಳೆ. ಅದಕ್ಕೂ ಕರೆದು ಸಂಬಳ ಕೊಡ್ತಾರಲ್ಲ!" ಎಂದು ಪಕ್ಕದ ಮನೆಯವರೊಡನೆ ಹೇಳಿ ನಗುತ್ತಿದ್ದರು.

ಈ ಅತ್ತೆಗೆ ಬಹಳ ವರ್ಷ ಕಿವಿ ಕೇಳಿಸುತ್ತಿರಲಿಲ್ಲ. ಕೇಳಿಸುವುದಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನವಲ್ಲ. ಯಾರೇನು ಹೇಳಿದರೂ "ಹೂಂ" ಎನ್ನುವುದು. ಹಾಲು ಉಕ್ಕುತ್ತಿದೆ ಎಂದರೂ ಹೂಂ, ನಿಮ್ಮ ತಮ್ಮ ಬಂದಿದ್ದಾರೆ ಎಂದರೂ ಹೂಂ. ಕೊನೆಗೆ ಸೊಸೆಯೇ ಹಟಮಾಡಿ ನಮ್ಮ ಆಸ್ಪತ್ರೆಗೆ ಕರೆತಂದರು. ಹೊಂದಿಸುವವರಿಗೆ ಅತ್ತೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಒಂದು ಸಲ ಪಾತ್ರೆಯ ಸದ್ದು ತಲೆಗೆ ಹೊಡೆಯುತ್ತದೆ, ಇನ್ನೊಂದು ಸಲ ಮಗನ ದನಿ ಡಬ್ಬದೊಳಗಿಂದ ಬಂದ ಹಾಗಿದೆ. ಬಂದರು, ಹೋದರು, ಮತ್ತೆ ಬಂದರು. ವರ್ಷದ ಕೊನೆಗೆ ಹದ ಸಿಕ್ಕಿತು. ಆಮೇಲೆ ಅತ್ತೆಗೆ ಕೇಳಬಾರದ್ದೂ ಕೇಳತೊಡಗಿತು. "ನಾನು ಅಡುಗೆಮನೇಲಿ ಗೊಣಗೋ ಹಾಗೂ ಇಲ್ಲ ಈಗ" ಎಂದು ಆದ್ರಕ್ಕ ನಗುತ್ತಿದ್ದರು.

ಈ ನಡುವೆ ಆಸ್ಪತ್ರೆ ಪಕ್ಕದ ಬೀದಿಯ ಹೊಸ ಕಟ್ಟಡಕ್ಕೆ ಹೋಗುವುದೆಂದಾಯಿತು. ಡೇಟಾಬೇಸ್ ಇದ್ದ ಹಳೆಯ ಕಂಪ್ಯೂಟರ್ ಯಂತ್ರ ಮುದಿಯಾಗಿತ್ತು. ಅದರ ಫ್ಯಾನು ದಮ್ಮು ಹತ್ತಿದವರ ಹಾಗೆ ಏದುಸಿರು ಬಿಡುತ್ತಿತ್ತು. ಅದರಲ್ಲಿದ್ದ ಎಲ್ಲ ರೋಗಿಗಳ ಹದವನ್ನು ಹೊಸ ಡಿಸ್ಕಿಗೆ ಪ್ರತಿ ಮಾಡುವುದು, ಪ್ರತಿ ಸರಿಯಿದೆ ಎಂದು ಆದ್ರಕ್ಕ ಹೇಳಿದ ಮೇಲೆ ಹಳೆಯ ಡಿಸ್ಕುಗಳನ್ನು ಪುಡಿ ಮಾಡಿಸುವುದು ಎಂದು ತೀರ್ಮಾನ. ರೋಗಿಗಳ ವಿವರ ಕಂಡವರ ಕೈಗೆ ಸಿಗಬಾರದಲ್ಲ. ಪುಡಿ ಮಾಡುವವರ ಗಾಡಿ ಶನಿವಾರ ಬರುವುದಿತ್ತು. ಆಮೇಲೆ ಪ್ರತಿಯೇ ಗತಿ.

ಪ್ರತಿ ಮಾಡುವ ಹೊಸ ಪ್ರೋಗ್ರಾಂ ಬರೆದವನು ಉದ್ದಣ್ಣ. ಬಾಗಿಲು ದಾಟುವಾಗೆಲ್ಲ ತಲೆ ತಗ್ಗಿಸಬೇಕಾದಷ್ಟು ಎತ್ತರ. ಕೆಲಸದಲ್ಲಿ ಚುರುಕು, ಮನಸ್ಸಿನಲ್ಲಿ ಕಲ್ಮಶವಿಲ್ಲ. ಗುರುವಾರ ಪ್ರತಿಯೂ ಆಯಿತು. ಜೊತೆಗೇ ಆದ್ರಕ್ಕ ಇನ್ನೊಂದು ಯಂತ್ರದಲ್ಲಿ ಅದೇ ಪ್ರೋಗ್ರಾಂ ಹಾಕಿಕೊಂಡು ತಮ್ಮ ಕಾಟ ಶುರುಮಾಡಿದರು. ಕೇಬಲ್ ಕಿತ್ತರು: ಪ್ರೋಗ್ರಾಂ ಕೂಡಲೇ ನಿಂತು ತಪ್ಪು ಹೇಳಿತು. ಜಾಗ ಮುಗಿಸಿದರು: ಹೇಳಿತು. ಹಳೆಯ ಡಿಸ್ಕಿನಲ್ಲಿ ಒಂದು ಕಡೆ ಓದಲಾಗದಂತೆ ಮಾಡಿದರು: ಯಾವ ಜಾಗ ಎಂಬುದನ್ನೂ ಹೇಳಿತು.

"ಹೇಗಿದೆ ಅಕ್ಕ ನನ್ನ ಮಗು?" ಎಂದ ಉದ್ದಣ್ಣ.

"ಬುದ್ಧಿವಂತ ಮಗು. ಅಪ್ಪನ ಹಾಗಲ್ಲ. ತಡಿ, ಇನ್ನೊಂದಿದೆ."

ಶುಕ್ರವಾರ ನಡೆದ ಆ ಇನ್ನೊಂದರಲ್ಲೇ ಎಡವಿದ್ದು. ಕಳ್ಳಡಿಸ್ಕಿಗೆ, ಬರೆಯುವಾಗ ನಡುವೆ ಅಲ್ಲಲ್ಲಿ ಮಾತ್ರ ತಕರಾರು ತೆಗೆ ಎಂದು ಹೇಳಿಕೊಟ್ಟಿದ್ದರು. ಆದರೆ ಪ್ರೋಗ್ರಾಂ ಕೊನೆಯವರೆಗೂ ಸರಾಗವಾಗಿ ಓಡಿ, "ಮುಗಿಯಿತು, ತಪ್ಪೇನೂ ಇಲ್ಲ" ಎಂದಿತು. ಆದ್ರಕ್ಕ ಕನ್ನಡಕ ಹಣೆಗೇರಿಸಿದರು. ಬರೆದದ್ದನ್ನು ಅಲ್ಲೇ ಮತ್ತೆ ಓದಿಸಿ ಮೂಲದೊಡನೆ ತಾಳೆ ನೋಡಿದರು. ಒಂದಕ್ಷರ ವ್ಯತ್ಯಾಸವಿಲ್ಲ. ಮತ್ತೆ ಮಾಡಿದರು. ಮತ್ತೂ ಸರಿ.

"ನಿಮ್ಮ ಕಳ್ಳ ನಿದ್ದೆ ಹೊಡೀತಿದ್ದಾನೆ ಅಕ್ಕ" ಎಂದ ಉದ್ದಣ್ಣ. "ಕೆಡಿಸು ಅಂದ್ರೆ ಕೆಡಿಸ್ತಿಲ್ಲ. ನನ್ನ ಮಗು ಏನು ಮಾಡುತ್ತೆ ಪಾಪ?"

ಅದು ಆದ್ರಕ್ಕನಿಗೂ ನಿಜವೆನಿಸಿತು. ಪ್ರತಿ ತಾಳೆಯಾಗಿದೆ ಎಂದಮೇಲೆ ಕೆಟ್ಟಿಲ್ಲ. ಕೆಟ್ಟಿಲ್ಲವೆಂದಮೇಲೆ ತಮ್ಮ ಕಳ್ಳಡಿಸ್ಕೇ ಸರಿಯಾಗಿ ತಕರಾರು ತೆಗೆದಿಲ್ಲ. ಹೊಸ ಯಂತ್ರಕ್ಕೆ ಅದು ಹೊಂದುತ್ತಿಲ್ಲವೇನೋ ಎಂದುಕೊಂಡರು. ಗುರುವಾರ ಮಾಡಿದ ನಿಜವಾದ ಪ್ರತಿಯನ್ನೂ ಹಾಗೆಯೇ ಮಾಡಿದ ಕೂಡಲೇ ತಾಳೆ ನೋಡಿದ್ದರು, ಅದೂ ಸರಿಯಿತ್ತು. ಶುಕ್ರವಾರ ಸಂಜೆ ಮೇಲ್ವಿಚಾರಕರು ಬಾಗಿಲಲ್ಲಿ ಇಣುಕಿ, "ಏನಮ್ಮ, ನಾಳೆ ಗಾಡಿಗೆ ಬಾ ಅನ್ನಲಾ?" ಎಂದು ಕೇಳಿದಾಗ "ಬರಲಿ ಸಾರ್" ಎಂದುಬಿಟ್ಟರು.

ಉದ್ದಣ್ಣ ಮೇಜಿನ ಕೆಳಗೆ ಬಗ್ಗಿ ನೋಡಿದ.

"ಏನು ಹುಡುಕ್ತಿದ್ದೀಯೋ?"

"ಆದ್ರೆ ಅನ್ನೋದು ಎಲ್ಲಾದ್ರೂ ಬಿದ್ದುಹೋಯ್ತಾ ಅಂತ."

ಆದ್ರಕ್ಕ ನಕ್ಕು ಚೀಲ ಹೆಗಲಿಗೇರಿಸಿದರು. ಆದರೆ ಬಾಗಿಲಲ್ಲಿ ಒಮ್ಮೆ ನಿಂತು ಹಳೆಯ ಯಂತ್ರದ ಕಡೆ ನೋಡಿದ್ದು ನನಗೆ ನೆನಪಿದೆ.

ಮುಂದಿನದನ್ನು ಅವರೇ ನನಗೆ ಹೇಳಿದ್ದು. ಮನೆಗೆ ಹೋದಾಗ ಅತ್ತೆ ಕಿಟಕಿಯ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಆದ್ರಕ್ಕ ಕೈಕಾಲು ತೊಳೆಯುತ್ತಲೇ ಅವರ ಕಡೆ ಮುಖ ತಿರುಗಿಸಿ ಹೇಳಿದರು: "ಅತ್ತೆ, ಬೆಳಗ್ಗೆ ಗ್ಯಾಸಿನವನು ಬರ್ತಾನೆ. ನಾನು ಬೇಗ ಹೋಗಬೇಕು. ಎದ್ದ ತಕ್ಷಣ ಖಾಲಿ ಸಿಲಿಂಡರ್ ಹೊರಗಿಡಿಸಿ."

"ಹೂಂ."

ಹಳೆಯ ಕಾಲದ ಹೂಂ ಇದ್ದ ಹಾಗಿತ್ತು. ಆದ್ರಕ್ಕ ಹತ್ತಿರ ಬಂದು, "ಏನಂದೆ ಹೇಳಿ ನೋಡೋಣ?" ಎಂದರು.

"ಖಾಲಿ ಸಿಲಿಂಡರ್ ಹೊರಗಿಡಿಸಿ ಅಂದೆ. ನನ್ನೇನು ಕಿವುಡಿ ಅಂದ್ಕೊಂಡಿದ್ದೀಯಾ?"

ಬೆಳಗ್ಗೆ ಚಪ್ಪಲಿ ಮೆಟ್ಟುವಾಗ ನೋಡಿದರೆ ಸಿಲಿಂಡರ್ ಇದ್ದಲ್ಲೇ ಇದೆ.

"ಅತ್ತೆ, ಸಿಲಿಂಡರ್?"

"ಯಾವ ಸಿಲಿಂಡರು?"

"ನಿನ್ನೆ ಹೇಳಿದ್ನಲ್ಲ. ನೀವೇ ವಾಪಸು ಒಪ್ಪಿಸಿದ್ರಲ್ಲ!"

"ಓ, ಅದಾ! ಆಗ ಕಿವಿಯ ಯಂತ್ರ ಚಾರ್ಜಿಗೆ ಹಾಕಿದ್ದೆ ಕಣೆ. ನಿನ್ನ ಬಾಯಿ ನೋಡಿ ಹೇಳ್ದೆ. ಆಗಲೇ ಕೇಳಿದ್ರೆ ಯಾರು ಬೇಕಾದ್ರೂ ಹೇಳ್ತಾರೆ. ಒಳಗೆ ಇಳಿದಿದ್ರೆ ತಾನೆ ಬೆಳಗ್ಗೆವರೆಗೆ ಇರೋದು!"

ಆದ್ರಕ್ಕ ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ, ಹಾಗೇ ನಿಂತರಂತೆ.

ಶನಿವಾರ ನಾನು ಹೋಗುವಷ್ಟರಲ್ಲಿ ಅವರು ಆಗಲೇ ಮೇಜಿನ ಮುಂದೆ ಇದ್ದರು. ಕಳ್ಳಡಿಸ್ಕು ಓಡುತ್ತಿತ್ತು. "ಮುಗಿಯಿತು, ತಪ್ಪೇನೂ ಇಲ್ಲ" ಎಂದು ತೆರೆಯ ಮೇಲೆ ಬಂತು. ಈ ಸಲ ಅವರು ಕೂಡಲೇ ತಾಳೆ ನೋಡಲಿಲ್ಲ. ಯಂತ್ರವನ್ನು ಪೂರ್ತಿ ಆರಿಸಿದರು. ಶಾಲು ಸರಿಮಾಡಿಕೊಂಡು ಕೂತರು. ಮತ್ತೆ ಹಚ್ಚಿ, ಆಮೇಲೆ ಓದಿಸಿದರು.

ಪ್ರತಿಯಲ್ಲಿ ತೂತುಗಳು. ಅವರು ತಕರಾರು ತೆಗೆ ಎಂದಿದ್ದ ಜಾಗಗಳಲ್ಲೇ ಅಂಕಿಗಳಿರಬೇಕಾದ ಕಡೆ ಬರೀ ಸೊನ್ನೆ.

ಉದ್ದಣ್ಣ ಬಂದು ಹಿಂದೆ ನಿಂತ. "ನಿನ್ನೆ ಸರಿ ಇತ್ತಲ್ಲಕ್ಕ?"

"ನಿನ್ನೆ ನಾವು ಓದಿದ್ದು ಡಿಸ್ಕನ್ನಲ್ಲ ಕಣೋ. ಯಂತ್ರ ಏನು ಮಾಡುತ್ತೆ? ನಿನ್ನ ಪ್ರೋಗ್ರಾಂ ಕೊಟ್ಟದ್ದನ್ನ ತನ್ನ ನೆನಪಲ್ಲಿ ಇಟ್ಟುಕೊಂಡು ಹೂಂ ಅನ್ನುತ್ತೆ. ಡಿಸ್ಕಿಗೆ ಇಳಿಸೋದು ಆಮೇಲೆ, ಪುರುಸೊತ್ತಾದಾಗ. ಇಳಿಸುವಾಗ ಡಿಸ್ಕು ಆಗಲ್ಲ ಅಂತು. ಅಷ್ಟೊತ್ತಿಗೆ ನಿನ್ನ ಮಗು ಮುಗೀತು ಅಂತ ಹೇಳಿ ಆಟಕ್ಕೆ ಹೋಗಿಬಿಟ್ಟಿದೆ."

"ತಾಳೆ ಆಯ್ತಲ್ಲ ಮತ್ತೆ?"

"ತಕ್ಷಣ ಕೇಳಿದ್ವಲ್ಲ. ನೆನಪಲ್ಲಿದ್ದದ್ದನ್ನೇ ವಾಪಸು ಒಪ್ಪಿಸ್ತು. ಬಾಯಿ ನೋಡಿ ಹೇಳಿದ ಹಾಗೆ."

ಉದ್ದಣ್ಣನ ಮುಖ ಸಣ್ಣದಾಯಿತು. "ಡಿಸ್ಕಿಗೆ ಇಳೀತಾ ಅಂತ ಕಾದು ಕೇಳಬೇಕಿತ್ತು ನಾನು. ಅಲ್ಲಿ ಏನು ಉತ್ತರ ಬರುತ್ತೆ ಅಂತ ನೋಡೇ ಇಲ್ಲ."

"ನೀನು ಕಾಯಲಿಲ್ಲ, ನಾನು ಆರಿಸಲಿಲ್ಲ. ಪಾಪ, ಕಳ್ಳ ಒಬ್ಬನೇ ಪ್ರಾಮಾಣಿಕವಾಗಿ ಕೆಲಸ ಮಾಡಿದ್ದು. ಅವನ ಮೇಲೇ ಅಪವಾದ ಹೊರಿಸಿದೆ" ಎಂದರು ಆದ್ರಕ್ಕ. ನಗಲಿಲ್ಲ. ಗುರುವಾರದ ನಿಜವಾದ ಪ್ರತಿಯಿದ್ದ ಯಂತ್ರದ ಬಳಿಗೆ ಹೋಗಿ ಅದನ್ನೂ ಆರಿಸಿದರು.

ಅದು ಮತ್ತೆ ಏಳುವವರೆಗೆ ನಾವು ಮೂವರೂ ತೆರೆಯನ್ನೇ ನೋಡುತ್ತ ನಿಂತೆವು. ಹೊರಗೆ ಬೀದಿಯಲ್ಲಿ ಪುಡಿ ಮಾಡುವವರ ಗಾಡಿ ಹಿಂದಕ್ಕೆ ಸರಿದು ನಿಲ್ಲುವ ಸದ್ದು. ಮೇಲ್ವಿಚಾರಕರು ಬೀಗದ ಕೈಗಳ ಗೊಂಚಲು ಹಿಡಿದು ಬಂದರು. ಅದೇ ಹೊತ್ತಿಗೆ ತಾಳೆಯ ಫಲ ತೆರೆಯ ಮೇಲೆ ಬಂತು. ನಿಜವಾದ ಪ್ರತಿಯಲ್ಲೂ ಒಂದು ಕಡೆ ತೂತಿತ್ತು. ಅಲ್ಲಿದ್ದ ರೋಗಿಗಳ ಹದ ಖಾಲಿ. ಆಮೇಲೆ ನೋಡಿದರೆ ಹೊಸ ಡಿಸ್ಕಿನ ಕೇಬಲ್ ಸರಿಯಾಗಿ ಕಚ್ಚಿಕೊಂಡಿರಲಿಲ್ಲ, ಅಷ್ಟೇ.

"ಏನಮ್ಮ, ಅವರು ಬಂದಿದ್ದಾರೆ. ಕೊಟ್ಟುಬಿಡೋಣ್ವಾ?"

"ಆದ್ರೆ..." ಎಂದರು ಆದ್ರಕ್ಕ.

ಮೇಲ್ವಿಚಾರಕರು ಬೀಗದ ಕೈಗಳ ಗೊಂಚಲನ್ನು ಮೇಜಿನ ಮೇಲೆ ಇಟ್ಟು ಕುರ್ಚಿ ಎಳೆದುಕೊಂಡರು. "ನಿನ್ನೆ ನೀನು ಬರಲಿ ಅಂದಾಗಲೇ ನನಗೆ ಯಾಕೋ ಅನುಮಾನ ಬಂತು. ಹೇಳು, ಏನಾಯ್ತು?" ಕೇಳಿಸಿಕೊಂಡು, ತಾವೇ ಹೊರಗೆ ಹೋಗಿ ಗಾಡಿಯನ್ನು ಬರಿಗೈಯಲ್ಲಿ ವಾಪಸು ಕಳಿಸಿದರು. ಗಾಡಿಯವನು ಗೊಣಗಿದ್ದು ನಮ್ಮ ಕಿಟಕಿಯವರೆಗೂ ಕೇಳಿಸಿತು.

ಹಳೆಯ ಯಂತ್ರ ಇನ್ನೂ ಏದುಸಿರು ಬಿಡುತ್ತಲೇ ಇತ್ತು. ಆ ಸದ್ದು ಅವತ್ತು ಕೇಳಿದಷ್ಟು ಹಿತವಾಗಿ ಯಾವತ್ತೂ ಕೇಳಿರಲಿಲ್ಲ.

ಖಾಲಿಯಾದವರ ಪಟ್ಟಿ ತೆರೆಯ ಮೇಲಿತ್ತು. ನಾನು ಮೆಲ್ಲಗೆ ಕೇಳಿದೆ, "ಅಕ್ಕ, ನಿಮ್ಮ ಅತ್ತೆಯವರದ್ದು ಇದೆಯಾ ನೋಡಿದ್ರಾ?"

"ಇಲ್ಲ, ನೋಡಲ್ಲ" ಎಂದು ಪುಟ ಮುಚ್ಚಿದರು. "ಅತ್ತೇದು ಇದರಲ್ಲಿ ಇಲ್ಲ ಅಂತ ಗೊತ್ತಾದ್ರೆ ಉಳಿದವರದ್ದು ಸಸಾರ ಆಗಿಬಿಡುತ್ತೆ ನನಗೆ."

ಉದ್ದಣ್ಣ ಮುಂದಿನ ವಾರವೆಲ್ಲ ತಲೆ ತಗ್ಗಿಸಿಯೇ ಕೂತು ಪ್ರೋಗ್ರಾಂ ತಿದ್ದಿದ. ಈಗ ಅದು ಡಿಸ್ಕಿಗೆ ಇಳಿಯುವವರೆಗೆ ಕಾದು, ಇಳಿಯಿತೇ ಎಂದು ಕೇಳಿ, ಉತ್ತರ ನೋಡಿದ ಮೇಲಷ್ಟೇ ಮುಗಿಯಿತು ಎನ್ನಬೇಕು. ಆದ್ರಕ್ಕ ಕಳ್ಳಡಿಸ್ಕನ್ನು ಮತ್ತೆ ಬಾಗಿಲಿಗೆ ನಿಲ್ಲಿಸಿದರು. ಪ್ರೋಗ್ರಾಂ ಓಡಿತು, ಕೊನೆಗೆ ಕಾದು ನಿಂತಿತು, ಆಮೇಲೆ ಕೆಂಪಕ್ಷರದಲ್ಲಿ "ಬರೆಯಲಾಗಲಿಲ್ಲ" ಎಂದಿತು. ಆ ಸೋಲನ್ನು ನೋಡಿ ಅವರ ಮುಖದಲ್ಲಿ ಮೂಡಿದ ಸಂತೋಷವನ್ನು ಹೊರಗಿನವರು ಕಂಡಿದ್ದರೆ ತಲೆ ಸರಿಯಿಲ್ಲ ಎಂದುಕೊಳ್ಳುತ್ತಿದ್ದರು. "ನೋಡೋ, ಬಾಯಿ ಬಿಡ್ತು!" ಎಂದು ಉದ್ದಣ್ಣನ ಬೆನ್ನು ತಟ್ಟಿದರು, ಭುಜಕ್ಕೆ ಕೈ ಎಟಕುತ್ತಿರಲಿಲ್ಲ. ಆಮೇಲೆ ಹೊಸ ಕೇಬಲ್ ಹಾಕಿ, ಎಲ್ಲವನ್ನೂ ಹೊಸದಾಗಿ ಪ್ರತಿ ಮಾಡಿ, ಆರಿಸಿ, ಹಚ್ಚಿ, ತಾಳೆ ನೋಡಿ, ಗಾಡಿಯನ್ನು ಮತ್ತೆ ಕರೆಸಿದರು. ಗಾಡಿಯವನು ಈ ಸಲ ಕೆಳಗಿನಿಂದಲೇ ಕೂಗಿ ಕೇಳಿದ: "ಅಮ್ಮಾ, ಗ್ಯಾರಂಟಿನಾ?" ಹಳೆಯ ಯಂತ್ರವನ್ನು ಆರಿಸಿದಾಗ ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ ನಮ್ಮ ನಮ್ಮ ಉಸಿರು ನಮಗೇ ಕೇಳಿಸಿತು.

ಹೊಸ ಕಟ್ಟಡಕ್ಕೆ ಬಂದು ಕೆಲವು ತಿಂಗಳಾದ ಮೇಲೆ ಅತ್ತೆ ಬಟ್ಟೆ ಒಗೆಯುವಾಗ ಕಿವಿಯ ಯಂತ್ರವನ್ನು ಬಕೆಟ್ಟಿಗೆ ಬೀಳಿಸಿಕೊಂಡರು. ಅವರನ್ನು ಕರೆದುಕೊಂಡು ಆದ್ರಕ್ಕ ಬಂದಾಗ ನಾನೂ ಜೊತೆಗೆ ಹೋದೆ. ಹೊಂದಿಸುವವರು ಹೊಸ ಯಂತ್ರವನ್ನು ತಂತಿಗೆ ಸಿಕ್ಕಿಸಿ, ಅತ್ತೆಯ ಹದವನ್ನು ತೆರೆದರು. ಅಂಕಿಗಳು ಸಾಲಾಗಿ ಬಂದು ನಿಂತವು. ಆದ್ರಕ್ಕ ಅವನ್ನು ನೋಡಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಿದ್ದರು. ಯಂತ್ರ ಕಿವಿಗೇರಿತು.

"ಅಮ್ಮ, ಕೇಳಿಸ್ತಾ ಇದೆಯಾ?" ಎಂದರು ಹೊಂದಿಸುವವರು.

"ಹೂಂ."

ಸೊಸೆ ಕೂಡಲೇ ಏನೂ ಕೇಳಲಿಲ್ಲ. ಕೈಕಟ್ಟಿಕೊಂಡು ಕಾದರು. ಅತ್ತೆ ಒಂದಷ್ಟು ಹೊತ್ತು ಆಚೀಚೆ ನೋಡಿ, ಕತ್ತೆತ್ತಿ, ಹುಬ್ಬು ಗಂಟಿಕ್ಕಿದರು.

"ಹೊಸ ಕಟ್ಟಡ ಅಂತೀರಿ. ಆ ಫ್ಯಾನು ಆಗಲೇ ಕಿರುಗುಡ್ತಿದೆಯಲ್ಲ. ಒಂದು ತೊಟ್ಟು ಎಣ್ಣೆ ಬಿಡಬಾರದಾ?"

ಆದ್ರಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಆಯ್ತು ಅತ್ತೆ" ಎಂದರು.